ಓಟಗಾರ್ತಿಗೆ ನೀರು: ವಯನಾಡಿನ ಜೈಷಾ ಓಟದಿಂದ ಕಲಿಯುವ ಪಾಠ

ಶಾಲಾ ಕ್ರೀಡಾಕೂಟ ಬಂತೆಂದರೆ ನಮಗೆಲ್ಲ ಕೈತುಂಬ ಕೆಲಸ. ಮೈದಾನಕ್ಕೆ ಸುಣ್ಣದ ಗೆರೆ ಹಾಕಬೇಕು, ಹೆಸರು ಪಟ್ಟಿ ಮಾಡಬೇಕು, ಪ್ರಮಾಣ ಪತ್ರ ಬರೆಯಬೇಕು. ಕುಡಿಯುವ ನೀರು ಮಾತ್ರ ಎಲ್ಲಕ್ಕಿಂತ ಕೊನೆಗೆ ನೆನಪಾಗುತ್ತದೆ.

ನಾವು ಚಿಕ್ಕವರಿದ್ದಾಗ ಮೇಷ್ಟ್ರು, "ಓಡುವ ಮುಂಚೆ ನೀರು ಕುಡಿಯಬೇಡಿ, ಹೊಟ್ಟೆ ಹಿಡಿಯುತ್ತದೆ" ಎನ್ನುತ್ತಿದ್ದರು. ನಾವು ಮೇಷ್ಟ್ರಾದ ಮೇಲೆ ಅದನ್ನೇ ಮಕ್ಕಳಿಗೂ ಹೇಳಿದೆವು. ಒಂದು ವರ್ಷ 1500 ಮೀಟರ್ ಓಟದ ಕೊನೆಯ ಸುತ್ತಿನಲ್ಲಿ ನಮ್ಮ ಒಬ್ಬ ಹುಡುಗಿ ತೂರಾಡಿ ಬಿದ್ದುಬಿಟ್ಟಳು. ಬೆಳಗಿನಿಂದ ಒಂದು ಲೋಟ ನೀರೂ ಕುಡಿದಿರಲಿಲ್ಲ. ಯಾಕಮ್ಮಾ ಎಂದು ಕೇಳಿದರೆ, "ನೀವೇ ಹೇಳಿದ್ದಲ್ವಾ ಸಾರ್" ಎಂದಳು! ಆ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ. ಈ ನೀರಿನ ವಿಷಯಕ್ಕೆ ಒಂದು ಇತಿಹಾಸವೇ ಇದೆ. ಅದರ ಒಂದು ಮುಖ್ಯ ಪುಟ ನಮ್ಮ ವಯನಾಡಿಗೆ ಸೇರಿದ್ದು.

ವಯನಾಡು ಕನ್ನಡಿಗರಿಗೆ ಹೊಸ ಊರಲ್ಲ. ಬಾವಲಿ ದಾಟಿದರೆ ಎಚ್.ಡಿ. ಕೋಟೆ ತಾಲೂಕು, ತೋಲ್ಪೆಟ್ಟಿ ದಾಟಿದರೆ ಕೊಡಗಿನ ಕುಟ್ಟ. ಆ ತೋಲ್ಪೆಟ್ಟಿಗೂ ಮಾನಂದವಾಡಿಗೂ ನಡುವಿನ ಸೀಮೆಯಲ್ಲಿ ತೃಶ್ಶಿಲೇರಿ ಎಂಬ ಹಳ್ಳಿಯಿದೆ. ಒ.ಪಿ. ಜೈಷಾ ಆ ಹಳ್ಳಿಯವರು. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 5000 ಮೀಟರ್ ಓಟದಲ್ಲಿಯೂ, 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ 1500 ಮೀಟರ್ ಓಟದಲ್ಲಿಯೂ ಕಂಚಿನ ಪದಕ ಗೆದ್ದವರು. 2015ರಲ್ಲಿ ಬೀಜಿಂಗ್ ವಿಶ್ವ ಚಾಂಪಿಯನ್‌ಶಿಪ್‌ನ ಮ್ಯಾರಥಾನನ್ನು 2 ಗಂಟೆ 34 ನಿಮಿಷ 43 ಸೆಕೆಂಡುಗಳಲ್ಲಿ ಮುಗಿಸಿ ರಾಷ್ಟ್ರೀಯ ದಾಖಲೆ ಮಾಡಿದರು.

ಮರು ವರ್ಷ, 2016ರ ಆಗಸ್ಟ್ 14ರಂದು, ರಿಯೋ ಒಲಿಂಪಿಕ್ಸ್. ಅದೇ 42 ಕಿ.ಮೀ. ಚಿಲ್ಲರೆ ದೂರಕ್ಕೆ ಅವರಿಗೆ 2 ಗಂಟೆ 47 ನಿಮಿಷ 19 ಸೆಕೆಂಡು ಬೇಕಾಯಿತು. ಸ್ಥಾನ 89. ಗೆರೆ ದಾಟಿದವರೇ ಕುಸಿದು ಬಿದ್ದರು. ಅವರಿಗೆ ಸಲೈನ್ ಹಾಕಬೇಕಾಯಿತು. ಊರಿಗೆ ಬಂದ ಮೇಲೆ ಅವರು ಹೇಳಿದ ಮಾತು ದೇಶವನ್ನೇ ಬೆಚ್ಚಿಬೀಳಿಸಿತು. ದಾರಿಯುದ್ದಕ್ಕೂ ಬೇರೆ ದೇಶದವರ ಮೇಜುಗಳಲ್ಲಿ ಅವರವರ ಓಟಗಾರರಿಗೆ ಪಾನೀಯ ಕಾದಿತ್ತು, ಭಾರತದ ಮೇಜು ಖಾಲಿಯಾಗಿತ್ತು ಎಂದರು. ಅಥ್ಲೆಟಿಕ್ಸ್ ಫೆಡರೇಶನ್ ಇದನ್ನು ಒಪ್ಪಲಿಲ್ಲ. ಬೇಕೇ ಎಂದು ನಾವು ಕೇಳಿದ್ದೆವು, ಓಟಗಾರರೂ ಕೋಚೂ ಬೇಡವೆಂದಿದ್ದರು ಎಂದಿತು. ನಮ್ಮನ್ನು ಯಾರೂ ಕೇಳಲೇ ಇಲ್ಲ ಎಂದು ಜೈಷಾ ಮರುನುಡಿದರು. ಕ್ರೀಡಾ ಸಚಿವಾಲಯ ಇಬ್ಬರ ಸಮಿತಿಯನ್ನು ನೇಮಿಸಿತು. ಯಾರು ಸರಿ, ಯಾರು ತಪ್ಪು ಎಂಬ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಓಡುವವಳು ತನ್ನ ನೀರನ್ನು ತಾನೇ ಹೊತ್ತು ಓಡಲಾರಳು. ಅದನ್ನು ದಾರಿಯಲ್ಲಿ ಇಡಬೇಕಾದವರು ಬೇರೆಯವರು.

ನೀರಿಗೆ ಈ ಸ್ಥಾನ ಸಿಕ್ಕಿದ್ದು ಸುಲಭವಾಗಿ ಅಲ್ಲ. 1904ರ ಸೇಂಟ್ ಲೂಯಿಸ್ ಒಲಿಂಪಿಕ್ಸ್ ಮ್ಯಾರಥಾನ್ ಉರಿಬಿಸಿಲಿನಲ್ಲಿ, ಧೂಳು ತುಂಬಿದ ರಸ್ತೆಯಲ್ಲಿ ನಡೆಯಿತು. ನೀರು ಸಿಗುತ್ತಿದ್ದುದು ಒಂದೆರಡು ಕಡೆ ಮಾತ್ರ. ಓಡಿದವರು 32, ಮುಗಿಸಿದವರು 14. ಗೆದ್ದ ಥಾಮಸ್ ಹಿಕ್ಸ್ ನೀರು ಕೇಳಿದಾಗ ಸಹಾಯಕರು ಬಾಯಿ ಒರೆಸಿದರಷ್ಟೆ. ಬದಲಿಗೆ ಸ್ಟ್ರಿಕ್ನಿನ್ ಎಂಬ ವಿಷವನ್ನು ಮೊಟ್ಟೆಯ ಬಿಳಿಯೊಂದಿಗೆ ಕೊಟ್ಟರು! 1912ರಲ್ಲಿ ಸ್ಟಾಕ್‌ಹೋಮ್ ಮ್ಯಾರಥಾನಿನಲ್ಲಿ ಪೋರ್ಚುಗಲ್‌ನ ಫ್ರಾನ್ಸಿಸ್ಕೊ ಲಾಜಾರೊ ಬಿಸಿಲಿನಲ್ಲಿ ಕುಸಿದು ಮರುದಿನ ತೀರಿಕೊಂಡರು. ಬಾಯಾರಿಕೆ ತಡೆಯುವುದೇ ಗಂಡಸುತನ ಎಂಬ ನಂಬಿಕೆ ಆ ಮೇಲೂ ಬಹುಕಾಲ ಉಳಿಯಿತು. ನಮ್ಮ ಮೇಷ್ಟ್ರ ಮಾತಿನ ಬೇರೂ ಅಲ್ಲಿಯೇ ಇರಬಹುದು.

1965ರಲ್ಲಿ ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ರಾಬರ್ಟ್ ಕೇಡ್ ಎಂಬ ವೈದ್ಯರು ಆಟಗಾರರಿಗಾಗಿ ಉಪ್ಪು, ಸಕ್ಕರೆ, ನಿಂಬೆರಸ ಸೇರಿಸಿದ ಪಾನೀಯ ತಯಾರಿಸಿದರು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸ್ ಉಪ್ಪು-ಸಕ್ಕರೆ ನೀರು ಕುಡಿಸಿಯೇ ಕಾಲರಾ ರೋಗಿಗಳ ಜೀವ ಉಳಿಸಿದರು. ಎರಡರ ಗುಟ್ಟೂ ಒಂದೇ. ಉಪ್ಪಿನಲ್ಲಿರುವ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಹೋದರೆ ಸಣ್ಣಕರುಳು ನೀರನ್ನು ಬೇಗ ಹೀರುತ್ತದೆ. ನಮ್ಮ ಅಜ್ಜಿಯಂದಿರು ಗದ್ದೆಯಿಂದ ಬಂದವರಿಗೆ ಉಪ್ಪು ಹಾಕಿದ ಗಂಜಿ ತಿಳಿ ಕೊಡುತ್ತಿದ್ದುದು ಸುಮ್ಮನೆ ಅಲ್ಲ!

ಅತಿಯಾದರೂ ಕಷ್ಟವೇ. 2002ರ ಬೋಸ್ಟನ್ ಮ್ಯಾರಥಾನಿನಲ್ಲಿ ಒಬ್ಬ ಓಟಗಾರ್ತಿ ವಿಪರೀತ ದ್ರವ ಕುಡಿದು, ರಕ್ತದ ಸೋಡಿಯಂ ಇಳಿದು ತೀರಿಕೊಂಡರು. ಆದ್ದರಿಂದ ಬಾಯಾರಿದಾಗ ಕುಡಿಯಬೇಕು, ಬಲವಂತವಾಗಿ ಕುಡಿಸಬಾರದು.

ಜೈಷಾ ಓಡಿದ ಒಂದು ವಾರಕ್ಕೆ ಅದೇ ರಿಯೋದಲ್ಲಿ ಸುಲ್ತಾನ್ ಬತ್ತೇರಿ ಕಡೆಯ ಟಿ. ಗೋಪಿ ಗಂಡಸರ ಮ್ಯಾರಥಾನ್ ಓಡಿ 25ನೆಯವರಾದರು. 2017ರಲ್ಲಿ ಏಷ್ಯನ್ ಮ್ಯಾರಥಾನ್ ಚಾಂಪಿಯನ್‌ಶಿಪ್ ಗೆದ್ದ ಮೊದಲ ಭಾರತೀಯ ಪುರುಷರೂ ಅವರೇ. ಒಂದೇ ಬೆಟ್ಟದ ಜಿಲ್ಲೆಯಿಂದ ಇಂಥ ಇಬ್ಬರು! ನಮ್ಮ ಮಕ್ಕಳ ಕಾಲಿಗೆ ಶಕ್ತಿ ಕಡಿಮೆಯಿಲ್ಲ. ಅವರನ್ನು ನೋಡಿಕೊಳ್ಳುವ ನಾವು ಕಲಿಯಬೇಕಾದ್ದು ಇದೆ.

ಉದ್ದ ಓಟಗಳನ್ನು ಬಿಸಿಲೇರುವ ಮೊದಲೇ ಮುಗಿಸೋಣ. ಮೈದಾನದ ಪಕ್ಕ ನೀರಿನ ಕೊಡ, ಉಪ್ಪು ಹಾಕಿದ ಮಜ್ಜಿಗೆ ಅಥವಾ ನಿಂಬೆ ಪಾನಕ ಇಡೋಣ. ಅದರ ಹೊಣೆಯನ್ನು ಒಬ್ಬ ಶಿಕ್ಷಕರ ಹೆಸರಿಗೇ ಬರೆಯೋಣ. ಬೇಕೇ ಎಂದು ಮಗುವನ್ನೇ ಕೇಳೋಣ. ಬಿಸಿಲಿಗೆ ಮಗು ಬಿದ್ದರೆ ನೆರಳಿಗೆ ಒಯ್ದು, ಮೈಗೆ ತಣ್ಣೀರು ಹಾಕಿ, ಗಾಳಿ ಬೀಸಬೇಕು. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಬಾರದು, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

2019ರಲ್ಲಿ ಕೇರಳದ ಶಾಲೆಗಳಲ್ಲಿ ಮಕ್ಕಳಿಗೆ ನೀರು ಕುಡಿಯಲೆಂದೇ 'ವಾಟರ್ ಬೆಲ್' ಬಾರಿಸತೊಡಗಿದರು. ಕರ್ನಾಟಕವೂ ಅದನ್ನು ಅನುಸರಿಸಿತು. ಆ ಗಂಟೆ ತರಗತಿಗೆ ಮಾತ್ರ ಯಾಕೆ? ಮೈದಾನದಲ್ಲೂ ಬಾರಿಸಲಿ. ಅಂದು ಬಿದ್ದ ನಮ್ಮ ಹುಡುಗಿ ಅರ್ಧ ಗಂಟೆಯಲ್ಲಿ ಎದ್ದು ಕುಳಿತಳು. ಅದು ನಮ್ಮ ಪುಣ್ಯ. ಪುಣ್ಯವನ್ನೇ ನಂಬಿ ಕ್ರೀಡಾಕೂಟ ನಡೆಸುವುದು ಬೇಡ.