ಪಟ್ಟಿಯಲ್ಲಿ ಕಾಣೆಯಾದ ಎರಡು ಅಕ್ಷರಗಳು

ಡಿಸೆಂಬರ್ 1, ವಿಶ್ವ ಏಡ್ಸ್ ದಿನ. ಶಾಲೆಯ ಗೋಡೆಗೆಂದು ಹತ್ತನೆಯ ತರಗತಿಯ ಮಕ್ಕಳಿಂದ ಚಾರ್ಟ್ ಬರೆಸುತ್ತಿದ್ದೆ. ಲೋಕದಲ್ಲೆಲ್ಲ ಹರಡಿರುವ ಎಚ್‌ಐವಿಯ 'ಎಂ' ಗುಂಪಿನ ಉಪವಿಧಗಳು: ಎ, ಬಿ, ಸಿ, ಡಿ, ಎಫ್, ಜಿ, ಎಚ್, ಜೆ, ಕೆ, ಎಲ್. ಬರೆಯುತ್ತಿದ್ದ ಹುಡುಗಿ ಕೇಳಿದಳು, "ಸರ್, ನಡುವೆ ಇ ಮತ್ತು ಐ ಬಿಟ್ಟು ಹೋಗಿದೆಯಲ್ಲ?" ನಾನು ಬಿ.ಎ. ಓದಿದವ, ವಿಜ್ಞಾನದ ಅಧ್ಯಾಪಕನಲ್ಲ. "ನಾಳೆ ಹೇಳುತ್ತೇನೆ" ಎಂದೆ. ಹುಡುಕಿದರೆ ಸಿಕ್ಕಿದ್ದು ಒಂದು ಇತಿಹಾಸವೇ.

ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಈ ವೈರಸ್ ಪತ್ತೆಯಾದದ್ದು 1983ರಲ್ಲಿ. ಮುಂದೆ ಬೇರೆ ಬೇರೆ ದೇಶಗಳ ವೈರಸ್‌ಗಳಲ್ಲಿ ವ್ಯತ್ಯಾಸ ಕಂಡು, ವಿಜ್ಞಾನಿಗಳು ಅಕ್ಷರಗಳ ಹೆಸರಿಟ್ಟರು. ಆಗ ಅವರು ಹೆಚ್ಚಾಗಿ ಓದುತ್ತಿದ್ದದ್ದು ವಂಶವಾಹಿಯ ಒಂದು ತುಂಡನ್ನು ಮಾತ್ರ. ಥಾಯ್ಲೆಂಡಿನ ವೈರಸ್ಸಿನ ಹೊರಕವಚದ ಭಾಗ ಬೇರೆಯಾಗಿತ್ತು, 'ಇ' ಎಂದರು. 1996ರಲ್ಲಿ ಆರಂಭದಿಂದ ಕೊನೆಯವರೆಗೆ ಓದಿದಾಗ ಉಳಿದ ಬಹುಭಾಗ 'ಎ' ಆಗಿತ್ತು! ಕಲಬೆರಕೆಯಿಲ್ಲದ 'ಇ' ಎಲ್ಲಿಯೂ ಸಿಗಲಿಲ್ಲ. ಸೈಪ್ರಸ್ಸಿನಲ್ಲಿ ಸಿಕ್ಕ 'ಐ' ಕೂಡ ಹಲವು ವಿಧಗಳ ಮಿಶ್ರಣವೆಂದು ತಿಳಿಯಿತು. ಹೀಗೆ ಎರಡೂ ಅಕ್ಷರಗಳು ಪಟ್ಟಿಯಿಂದ ಹೊರಬಿದ್ದವು. ಹಾಗೆ ಬೆರೆತು ಜನರಲ್ಲಿ ಹರಡಿದ ತಳಿಗಳಿಗೆ ಬೇರೆ ಪಟ್ಟಿ ಬಂತು. ಈಗ ಅದರಲ್ಲಿ 100ಕ್ಕೂ ಮಿಕ್ಕಿ ಇವೆ.

ಬೆರಕೆ ಹೇಗಾಗುತ್ತದೆ? ಯಕ್ಷಗಾನ ಪ್ರಸಂಗವನ್ನು ಕೈಯಿಂದ ನಕಲು ಮಾಡುತ್ತಿದ್ದ ಕಾಲವನ್ನು ನೆನೆಯಿರಿ. ಬರೆಯುವವನ ಮುಂದೆ ಒಂದೇ ಪ್ರಸಂಗದ ಎರಡು ಪ್ರತಿಗಳಿವೆ. ಅರ್ಧ ಇದರಿಂದ, ಅರ್ಧ ಅದರಿಂದ ಬರೆದರೆ ಮೂರನೆಯದೊಂದು ಪಾಠ ಹುಟ್ಟುತ್ತದೆ. ಎಚ್‌ಐವಿಯ ಪ್ರತಿ ಕಣದಲ್ಲಿ ಆರ್‌ಎನ್‌ಎಯ ಎರಡು ಪ್ರತಿಗಳಿರುತ್ತವೆ. ಒಂದೇ ಜೀವಕೋಶಕ್ಕೆ ಎರಡು ವಿಧದ ವೈರಸ್ ಹೊಕ್ಕರೆ, ಅಲ್ಲಿಂದ ಹೊರಡುವ ಕಣದೊಳಗೆ ಒಂದೊಂದರ ಪ್ರತಿ ಸೇರಬಹುದು. ಆ ಕಣ ಮುಂದಿನ ಕೋಶವನ್ನು ಹೊಕ್ಕಾಗ ನಕಲು ಮಾಡುವ ಕಿಣ್ವ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಅದಕ್ಕೆ ತಪ್ಪು ತಿದ್ದುವ ಅಭ್ಯಾಸವೂ ಇಲ್ಲ!

ಈ ಬೆರಕೆ ಹೊಸದಲ್ಲ. ಮನುಷ್ಯನಿಗೆ ಇದು ಬಂದದ್ದು ಮಧ್ಯ ಆಫ್ರಿಕದ ಚಿಂಪಾಂಜಿಯಿಂದ. ಚಿಂಪಾಂಜಿಯ ವೈರಸ್ಸೇ ಎರಡು ಜಾತಿಯ ಮಂಗಗಳ ವೈರಸ್ ಬೆರೆತು ಆದದ್ದೆಂದು 2003ರಲ್ಲಿ ತೋರಿಸಿದರು. ಕಿನ್ಶಾಸಾದಲ್ಲಿ 1959ರ ಒಂದು ರಕ್ತದ ಮಾದರಿ, 1960ರ ಒಂದು ಅಂಗಾಂಶದ ಮಾದರಿ ಉಳಿದಿದ್ದವು. ಆಗಲೇ ಅವೆರಡರ ನಡುವೆ ಬಹಳ ಅಂತರ. ಅದನ್ನು ಲೆಕ್ಕ ಹಾಕಿ, ಮೂಲ ವೈರಸ್ 20ನೆಯ ಶತಮಾನದ ಆರಂಭದ್ದೆಂದು 2008ರಲ್ಲಿ ಅಂದಾಜು ಮಾಡಿದರು. ಲೋಕಕ್ಕೆ ಏಡ್ಸ್ ಗೊತ್ತಾದದ್ದು 1981ರಲ್ಲಿ!

ಭಾರತದಲ್ಲಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ, ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಅವರ ಶ್ರಮದಿಂದ. ನಮ್ಮಲ್ಲಿ ಹೆಚ್ಚಾಗಿರುವುದು 'ಸಿ'. ಚೀನಾದಲ್ಲಿ ಹರಡಿದ ಬಿ-ಸಿ ಬೆರಕೆಯ 'ಸಿ' ಭಾಗಕ್ಕೂ ನಮ್ಮ 'ಸಿ'ಗೂ ಹತ್ತಿರದ ನಂಟು. ವೈರಸ್ಸಿಗೆ ಗಡಿಯೂ ಇಲ್ಲ, ಭಾಷೆಯೂ ಇಲ್ಲ.

ಇಷ್ಟು ವೈವಿಧ್ಯ ಇರುವುದೂ ಲಸಿಕೆ ಇನ್ನೂ ಕೈಗೆ ಬಾರದಿರಲು ಒಂದು ಮುಖ್ಯ ಕಾರಣ. ಸಮಾಧಾನದ ಮಾತೆಂದರೆ, ಈಗಿನ ಔಷಧಗಳು ಈ ಎಲ್ಲ ಉಪವಿಧಗಳಿಗೂ ನಾಟುತ್ತವೆ. ಆದರೆ ಮಾತ್ರೆ ತಪ್ಪಿಸಿದರೆ ಔಷಧಕ್ಕೆ ಬಗ್ಗದ ವೈರಸ್ ತಲೆಯೆತ್ತುತ್ತದೆ. ಬೇರೆ ಬೇರೆ ಔಷಧಕ್ಕೆ ಬಗ್ಗದ ಎರಡು ಬೆರೆತರೆ ಚಿಕಿತ್ಸೆ ಇನ್ನೂ ಕಷ್ಟ.

ಮರುದಿನ ತರಗತಿಯಲ್ಲಿ ಇದನ್ನೆಲ್ಲ ಹೇಳಿದೆ. ಎಚ್‌ಐವಿ ಇದೆಯೆಂದು ಯಾವ ಮಗುವನ್ನೂ ಶಾಲೆಯಿಂದ ದೂರ ಇಡುವಂತಿಲ್ಲ ಎಂಬ 2017ರ ಕಾನೂನನ್ನೂ ಹೇಳಿದೆ. ಆ ಹುಡುಗಿ ಚಾರ್ಟಿನಲ್ಲಿ ಇ ಮತ್ತು ಐ ಇರಬೇಕಾದ ಜಾಗದಲ್ಲಿ ಎರಡು ಖಾಲಿ ಚೌಕ ಬರೆದಳು. ನೋಡಿದವರೆಲ್ಲ ಈಗ ಅದನ್ನೇ ಕೇಳುತ್ತಾರೆ. ಉತ್ತರ ಹೇಳುವವಳು ಅವಳೇ.