ಶಸ್ತ್ರಚಿಕಿತ್ಸೆಯ ವಿಡಿಯೋ: ನಂಬುವ ಮುನ್ನ ತಿಳಿಯಬೇಕಾದದ್ದು

ಪಿತ್ತಕೋಶದಲ್ಲಿ ಕಲ್ಲಿದೆ, ಆಪರೇಷನ್ ಅಗತ್ಯ ಎಂದು ವೈದ್ಯರು ತಿಳಿಸಿದ ದಿನ ರಾತ್ರಿಯೇ ಮನೆಮಂದಿ ಮೊಬೈಲ್ ಹಿಡಿದು ಕುಳಿತುಕೊಳ್ಳುವುದು ಇಂದು ಸಾಮಾನ್ಯ ದೃಶ್ಯ. 2005ರಲ್ಲಿ ಆರಂಭವಾದ ಯೂಟ್ಯೂಬ್‌ನಲ್ಲಿ ಶಸ್ತ್ರಚಿಕಿತ್ಸಾ ಕೊಠಡಿಯ ದೃಶ್ಯಗಳಿಂದ ಹಿಡಿದು ಮನೆಮದ್ದಿನವರೆಗೆ ಎಲ್ಲವೂ ದೊರೆಯುತ್ತದೆ. ಇವುಗಳಲ್ಲಿ ನಂಬಲರ್ಹವಾದುದು ಯಾವುದು ಎಂಬುದೇ ಪ್ರಶ್ನೆ.

ಅಳೆಯುವ ಬಗೆ

ವೈದ್ಯಕೀಯ ಮಾಹಿತಿಯ ಗುಣಮಟ್ಟ ಅಳೆಯಲು ಸಂಶೋಧಕರು ಮುಖ್ಯವಾಗಿ ಎರಡು ಮಾನದಂಡಗಳನ್ನು ಬಳಸುತ್ತಾರೆ. 1997ರಲ್ಲಿ ಅಮೆರಿಕದ 'ಜಾಮಾ' ವೈದ್ಯಕೀಯ ಪತ್ರಿಕೆ ನಾಲ್ಕು ಅಂಶಗಳನ್ನು ಮುಂದಿಟ್ಟಿತು: ಬರೆದವರು ಯಾರು, ಮಾಹಿತಿಯ ಮೂಲ ಯಾವುದು, ಹಣಕಾಸಿನ ಹಿತಾಸಕ್ತಿ ಇದೆಯೇ, ದಿನಾಂಕ ನಮೂದಾಗಿದೆಯೇ. ಎರಡನೆಯದು ಬ್ರಿಟನ್‌ನ ಆಕ್ಸ್‌ಫರ್ಡ್‌ನಲ್ಲಿ ರೂಪುಗೊಂಡು 1999ರಲ್ಲಿ ಪ್ರಕಟವಾದ 'ಡಿಸರ್ನ್'. ಇದರಲ್ಲಿ 16 ಪ್ರಶ್ನೆಗಳಿದ್ದು, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ ನೀಡಲಾಗುತ್ತದೆ. ಚಿಕಿತ್ಸೆಯ ಅಪಾಯಗಳನ್ನು ತಿಳಿಸಿದೆಯೇ, ಪರ್ಯಾಯಗಳನ್ನು ಹೇಳಿದೆಯೇ, ಚಿಕಿತ್ಸೆ ಪಡೆಯದಿದ್ದರೆ ಏನಾಗುತ್ತದೆಂದು ವಿವರಿಸಿದೆಯೇ ಎಂಬುವು ಅವುಗಳಲ್ಲಿ ಸೇರಿವೆ.

ಹೆಚ್ಚು ಜನ ನೋಡಿದ ವಿಡಿಯೋ ಹೆಚ್ಚು ನಿಖರವಾಗಿರಬೇಕೆಂದಿಲ್ಲ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. 'ಇಷ್ಟವಿಲ್ಲ' ಎಂದವರ ಸಂಖ್ಯೆಯನ್ನು ಯೂಟ್ಯೂಬ್ 2021ರ ನವೆಂಬರ್‌ನಿಂದ ವೀಕ್ಷಕರಿಗೆ ತೋರಿಸುತ್ತಿಲ್ಲ.

ಕಲ್ಲಲ್ಲ, ಸಾಬೂನು

ಆಲಿವ್ ಎಣ್ಣೆ ಮತ್ತು ನಿಂಬೆರಸ ಕುಡಿದರೆ ಪಿತ್ತಕಲ್ಲು ಹೊರಬೀಳುತ್ತದೆ ಎನ್ನುವ ವಿಡಿಯೋಗಳು ಬಹು ಜನಪ್ರಿಯ. ಹೀಗೆ ಹೊರಬಂದ ಹಸಿರು ಉಂಡೆಗಳನ್ನು ನ್ಯೂಜಿಲೆಂಡ್ ವೈದ್ಯರು ಪರೀಕ್ಷಿಸಿ, 2005ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಮಾಡಿದರು. ಅವುಗಳಲ್ಲಿ ಕೊಲೆಸ್ಟೆರಾಲ್ ಆಗಲಿ ಕ್ಯಾಲ್ಸಿಯಂ ಆಗಲಿ ಇರಲಿಲ್ಲ. ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಿನಂತೆ ಗಟ್ಟಿಯಾಗಿತ್ತು. ಕಲ್ಲು ಹೋಯಿತೆಂದು ರೋಗಿ ನಿಶ್ಚಿಂತೆಯಿಂದಿರುವಾಗ ಪಿತ್ತಕೋಶದ ಸೋಂಕು, ಕಾಮಾಲೆ ಅಥವಾ ಮೇದೋಜೀರಕ ಗ್ರಂಥಿಯ ಉರಿಯೂತ ಕಾಣಿಸಿಕೊಂಡರೆ ಜೀವಕ್ಕೇ ಅಪಾಯ.

ಆಸ್ಪತ್ರೆಗಳ ವಿಡಿಯೋಗಳಿಗೂ ಮಿತಿಯಿದೆ. ಲ್ಯಾಪರೊಸ್ಕೋಪಿಯ ದೃಶ್ಯಗಳು ಸಾಮಾನ್ಯವಾಗಿ ಕತ್ತರಿಸಿ ಜೋಡಿಸಿದವು. ಸುಗಮವಾಗಿ ನಡೆದ ಭಾಗವೇ ಹೆಚ್ಚಾಗಿ ಉಳಿದಿರುತ್ತದೆ. ಪಿತ್ತನಾಳಕ್ಕೆ ಗಾಯವಾಗುವ ಸಾಧ್ಯತೆ 1000ಕ್ಕೆ ಸುಮಾರು 3ರಿಂದ 5 ಎಂದು ವೈದ್ಯಕೀಯ ಗ್ರಂಥಗಳು ಹೇಳುತ್ತವೆ. ಕೆಲವೊಮ್ಮೆ ಹೊಟ್ಟೆಯನ್ನೇ ತೆರೆದು ಶಸ್ತ್ರಚಿಕಿತ್ಸೆ ಮುಂದುವರಿಸಬೇಕಾಗುತ್ತದೆ. ನೋವು ಮುಂತಾದ ಲಕ್ಷಣಗಳೇ ಇಲ್ಲದ ಕಲ್ಲಿಗೆ ಬಹುತೇಕ ಸಂದರ್ಭಗಳಲ್ಲಿ ಶಸ್ತ್ರಚಿಕಿತ್ಸೆ ಬೇಕಿಲ್ಲ. ಈ ಸಂಗತಿಗಳನ್ನು ಹೇಳದ ವಿಡಿಯೋ, ಎಷ್ಟೇ ಸ್ಪಷ್ಟವಾಗಿದ್ದರೂ ಅಪೂರ್ಣ. ವೈದ್ಯ ವಿದ್ಯಾರ್ಥಿಗಳಿಗಾಗಿ ತಯಾರಿಸಿದವು ರೋಗಿಗೆ ತಿಳಿವಳಿಕೆಗಿಂತ ಭಯವನ್ನೇ ತರಬಹುದು.

ಕಾನೂನು ಏನೆನ್ನುತ್ತದೆ?

ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪು ಈ ವಿಷಯದಲ್ಲಿ ಮಹತ್ವದ್ದು. ಚಿಕಿತ್ಸೆಯ ಸ್ವರೂಪ, ಉದ್ದೇಶ, ಪ್ರಯೋಜನ, ಪರ್ಯಾಯ, ಪ್ರಮುಖ ಅಪಾಯಗಳು ಹಾಗೂ ಚಿಕಿತ್ಸೆ ನಿರಾಕರಿಸಿದರೆ ಆಗುವ ಪರಿಣಾಮಗಳನ್ನು ವೈದ್ಯರು ರೋಗಿಗೆ ತಿಳಿಸಬೇಕು ಎಂದು ನ್ಯಾಯಾಲಯ ಹೇಳಿತು. ವಿಡಿಯೋ ಈ ವಿವರಣೆಗೆ ಪೂರಕವಾಗಬಹುದೇ ಹೊರತು ಪರ್ಯಾಯವಾಗಲಾರದು.

ನೋಡುವಾಗ ಗಮನಿಸಿ

* ಮಾತನಾಡುವವರ ಹೆಸರು, ವಿದ್ಯಾರ್ಹತೆ ಹಾಗೂ ಸಂಸ್ಥೆಯ ವಿವರ ಇದೆಯೇ?
* ವಿಡಿಯೋ ಯಾವ ವರ್ಷದ್ದು?
* ಲಾಭದ ಜೊತೆ ಅಪಾಯವನ್ನೂ ಹೇಳಿದೆಯೇ?
* ಕೊನೆಯಲ್ಲಿ ಔಷಧವನ್ನೋ ಪ್ಯಾಕೇಜನ್ನೋ ಮಾರುತ್ತಿದೆಯೇ?
* 'ನೂರಕ್ಕೆ ನೂರು ಗುಣ' ಎಂಬ ಭರವಸೆ ಇದೆಯೇ? ಇದ್ದರೆ ಅನುಮಾನಿಸುವುದು ಒಳಿತು.

ವಿಡಿಯೋ ನೋಡುವುದು ತಪ್ಪಲ್ಲ. ಆದರೆ ಅದನ್ನು ಮಾಡಿದವರಿಗೆ ರೋಗಿಯ ಸ್ಕ್ಯಾನಿಂಗ್ ವರದಿ, ಸಕ್ಕರೆ ಕಾಯಿಲೆ, ಹಿಂದಿನ ಆಪರೇಷನ್ ಯಾವುದೂ ಗೊತ್ತಿರುವುದಿಲ್ಲ. ನೋಡಿದಾಗ ಮೂಡಿದ ಸಂದೇಹಗಳನ್ನು ಚೀಟಿಯಲ್ಲಿ ಬರೆದುಕೊಂಡು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ವೈದ್ಯರನ್ನೇ ಕೇಳುವುದು ಸುರಕ್ಷಿತ ಮಾರ್ಗ.