ಚಿಲ್ಲದ ಬೀಜ, ಪಾಪ್ಲರ್ ಬೇರು
ವಾಡಿ, ಶಹಾಬಾದ್ ಕಡೆಗೆ ಹೋದವರಿಗೆ ಪರಸಿ ತೆಗೆದು ಬಿಟ್ಟ ಗಣಿಗುಂಡಿಗಳು ಕಾಣದಿರವು. ಅವುಗಳಲ್ಲಿ ಮಳೆನೀರು ನಿಂತಿರುತ್ತದೆ. ಇಂಥ ನೀರನ್ನು ಮರಗಳಿಂದ ಶುದ್ಧಗೊಳಿಸಬಹುದೇ?

ಪ್ರಶ್ನೆ ಹೊಸದಲ್ಲ. ನೀರು ತಿಳಿಗೊಳಿಸುವ ವಸ್ತುಗಳಲ್ಲಿ ಸುಶ್ರುತ ಸಂಹಿತೆ ಕತಕವನ್ನು ಹೆಸರಿಸುತ್ತದೆ. ಕನ್ನಡದಲ್ಲಿ ಅದೇ ಚಿಲ್ಲ. ಇದರ ಬೀಜವನ್ನು ಮಣ್ಣಿನ ಗಡಿಗೆಯ ಒಳಮೈಗೆ ತಿಕ್ಕಿ ನೀರು ತುಂಬಿದರೆ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ, ಭಾರವಾಗಿ ತಳ ಸೇರುತ್ತವೆ. ನುಗ್ಗೆಬೀಜಕ್ಕೂ ಈ ಗುಣವುಂಟು. ಆದರೆ ಹೋಗುವುದು ಕದಡು ಮಾತ್ರ. ನೀರಿನಲ್ಲಿ ಕರಗಿದ ರಾಸಾಯನಿಕ ಅಷ್ಟಕ್ಕೆ ಬಗ್ಗದು. ತಿಳಿನೀರೆಲ್ಲ ಕುಡಿಯುವ ನೀರಲ್ಲ.

ಕರಗಿದ ವಿಷಕ್ಕೆ ಬೀಜ ಸಾಲದು, ಬೇರು ಬೇಕು. ಅಮೆರಿಕದ ಮೇರಿಲ್ಯಾಂಡ್‌ನಲ್ಲಿರುವ ಅಬರ್ಡೀನ್ ಸೇನಾ ಪ್ರಯೋಗಭೂಮಿಯಲ್ಲಿ ರಾಸಾಯನಿಕ ಸುರಿದ ಗುಂಡಿಗಳಿಂದ ಅಂತರ್ಜಲ ಕೆಟ್ಟಿತ್ತು. 1996ರಲ್ಲಿ ಅಲ್ಲಿ ಪಾಪ್ಲರ್ ಮರಗಳನ್ನು ನೆಟ್ಟರು. ಬೇರು ಕೆಟ್ಟ ನೀರನ್ನು ಹೀರುತ್ತದೆ. ದ್ರಾವಕದ ಒಂದು ಪಾಲು ಮರದೊಳಗೇ ಒಡೆದುಹೋಗುತ್ತದೆ, ಇನ್ನೊಂದು ಪಾಲು ಎಲೆಯ ಮೂಲಕ ಗಾಳಿ ಸೇರುತ್ತದೆ. ಆರ್ಸೆನಿಕ್, ಸೀಸದಂಥವು ಮಾತ್ರ ಒಡೆಯುವುದಿಲ್ಲ. ಅವು ಮರದಲ್ಲೇ ಉಳಿದರೆ ಆ ಸೌದೆಯನ್ನು ಒಲೆಗೆ ಹಾಕುವಂತಿಲ್ಲ.

ಚಳಿಗಾಲದಲ್ಲಿ ಎಲೆ ಉದುರಿದರೆ ಪಾಪ್ಲರಿನ ಕೆಲಸವೂ ನಿಂತಂತೆಯೇ. ಬೇರಿನ ಕೈ ನಿಲುಕುವುದೂ ಕೆಲವೇ ಮೀಟರು. ಸೇಡಂ, ಚಿತ್ತಾಪುರದ ಕೊಳವೆಬಾವಿಗಳು ಇಳಿದಿರುವುದು ಅದಕ್ಕಿಂತ ಎಷ್ಟೋ ಕೆಳಗೆ.